ಕಂದು ಕುಬ್ಜಗಳ ಗಣನೆ: ರೋಹಿತ ಪರಿಶೀಲನೆಯ ಚರಿತ್ರೆ

೧. ವಿಷಯ ಪ್ರವೇಶ

ಕಾಡುಗೋಡಿಯಿಂದ ಈಶಾನ್ಯಕ್ಕೆ ಹೋಗುವ ರಸ್ತೆಯು ಕೆಲವೇ ಮೈಲಿಗಳಲ್ಲಿ ಹೊಸಕೋಟೆಯನ್ನು ಮುಟ್ಟುತ್ತದೆ. ಆ ಪಟ್ಟಣದ ಹೊರವಲಯದಲ್ಲಿ, ಶಿಡ್ಲಘಟ್ಟದ ದಾರಿಯಲ್ಲಿ, ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗೆ ಸೇರಿದ ಒಂದು ಆವರಣವುಂಟು. ಅಲ್ಲಿನ ನಿಯಂತ್ರಣ ಕೊಠಡಿಯಲ್ಲಿ ಕುಳಿತ ವೀಕ್ಷಕರು, ನೇರ ಅಳತೆಯಲ್ಲಿ ಸುಮಾರು ೨,೨೦೦ ಕಿಲೋಮೀಟರು ದೂರದ ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ೪,೫೦೦ ಮೀಟರು ಎತ್ತರದಲ್ಲಿ ನಿಂತಿರುವ ಎರಡು ಮೀಟರು ವ್ಯಾಸದ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಹಾನ್ಲೆಯೂ ಹೊಸಕೋಟೆಯೂ ಹೆಚ್ಚುಕಡಮೆ ಒಂದೇ ರೇಖಾಂಶದಲ್ಲಿರುವುದರಿಂದ ಎರಡೆಡೆಗಳಲ್ಲಿಯೂ ನಡುರಾತ್ರಿ ಒಂದೇ ಹೊತ್ತಿಗೆ ಬರುತ್ತದೆ. ಆದರೆ ಆಕಾಶ ಒಂದೇ ಬಗೆಯದಲ್ಲ. ಕಾಡುಗೋಡಿ, ವೈಟ್‌ಫೀಲ್ಡುಗಳ ಸುತ್ತ ಬೆಳೆದ ಕಾರ್ಖಾನೆ ಕಚೇರಿಗಳ ದೀಪಗಳಿಂದ ಇಲ್ಲಿಯ ಇರುಳು ಬಿಳಿಚಿಕೊಂಡಿದೆ; ಅಲ್ಲಿಯ ಇರುಳು ಇನ್ನೂ ಕಪ್ಪಾಗಿದೆ.

ಈ ಲೇಖನದ ವಿಷಯವಾದ ಕಾಯಗಳು ಎಂತಹ ಕಪ್ಪು ಇರುಳಿನಲ್ಲಿಯೂ ಬರಿಗಣ್ಣಿಗೆ ಕಾಣುವಂಥವಲ್ಲ. ನಕ್ಷತ್ರಗಳಂತೆಯೇ ಅನಿಲ ಮೇಘದ ಕುಸಿತದಿಂದ ಹುಟ್ಟಿ, ಜಲಜನಕವನ್ನು ನಿರಂತರವಾಗಿ ಉರಿಸಿಕೊಂಡಿರುವಷ್ಟು ದ್ರವ್ಯರಾಶಿಯಿಲ್ಲದೆ, ಹುಟ್ಟಿದಂದಿನಿಂದ ತಣ್ಣಗಾಗುತ್ತಲೇ ಹೋಗುವ ಕಾಯಗಳಿಗೆ ಕಂದು ಕುಬ್ಜಗಳೆಂದು ಹೆಸರು. ಇಂಥವು ಆಕಾಶದಲ್ಲಿ ಎಷ್ಟಿವೆ? ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಒಂದು ಕಾಲದಲ್ಲಿ, ವಿಶ್ವದಲ್ಲಿ ತೂಕಕ್ಕೆ ಸಿಕ್ಕಿಯೂ ಕಣ್ಣಿಗೆ ಸಿಗದೆ ಉಳಿದ ದ್ರವ್ಯದ ಲೆಕ್ಕವೆಲ್ಲ ಇವುಗಳಿಂದಲೇ ತುಂಬೀತೆಂಬ ನಿರೀಕ್ಷೆ ಇತ್ತು. ಆ ನಿರೀಕ್ಷೆ ಹೇಗೆ ಹುಟ್ಟಿತು, ಹೇಗೆ ಪರೀಕ್ಷೆಗೆ ಒಳಗಾಯಿತು, ಕೊನೆಗೆ ದೊರೆತ ಉತ್ತರವೇನು, ಈ ಕಾರ್ಯದಲ್ಲಿ ನಮ್ಮ ನೆರೆಯ ಹೊಸಕೋಟೆಯ ಪಾಲೆಷ್ಟು ಎಂಬುದನ್ನು ಕ್ರಮವಾಗಿ ವಿಚಾರಿಸುವುದು ಇಲ್ಲಿಯ ಉದ್ದೇಶ. ದೂರದರ್ಶಕಗಳು ದೊಡ್ಡವಾದಂತೆಲ್ಲ ಎಣಿಕೆ ತಾನಾಗಿ ಬೆಳೆಯಿತೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಚರಿತ್ರೆಯನ್ನು ನೋಡಿದರೆ ಹಾಗೆ ತೋರುವುದಿಲ್ಲ. ಗುರುತು ಹಿಡಿಯುವ ಒಂದೊಂದು ಹೊಸ ಲಕ್ಷಣ ರೋಹಿತದಲ್ಲಿ ಖಚಿತವಾದ ಮೇಲೆಯೇ ಎಣಿಕೆ ಒಂದೊಂದು ಹೆಜ್ಜೆ ಮುಂದೆ ಹೋಗಿದೆ.

೨. ಗಣಿತದಲ್ಲಿ ಹುಟ್ಟಿದ ಕಾಯ

ಅನಿಲದ ಮೇಘವೊಂದು ತನ್ನ ಗುರುತ್ವದಿಂದಲೇ ಕುಗ್ಗುವಾಗ ಅದರ ನಡುಭಾಗ ಕಾಯುತ್ತದೆ. ಸಾಕಷ್ಟು ಕಾದಾಗ ಜಲಜನಕದ ಬೀಜಗಳು ಕೂಡಿ ಹೀಲಿಯಂ ಆಗುವ ಕ್ರಿಯೆ ಮೊದಲಾಗುತ್ತದೆ. ಅದರಿಂದ ಹೊರಡುವ ಶಾಖವು ಕುಸಿತವನ್ನು ತಡೆಯುತ್ತದೆ. ಇದು ನಕ್ಷತ್ರದ ಜನ್ಮ. ಮೇಘವು ಚಿಕ್ಕದಾಗಿದ್ದರೆ ಏನಾಗುತ್ತದೆಂಬ ಪ್ರಶ್ನೆಗೆ ಉತ್ತರ ಹೇಳಲು ಬೇರೊಂದು ವಿಚಾರ ಬೇಕಾಯಿತು. ಒಂದು ಸಭಾಭವನದಲ್ಲಿ ಪೀಠಕ್ಕೆ ಒಬ್ಬರಂತೆ ಕುಳಿತಿರುವಾಗ, ಗೋಡೆಗಳನ್ನು ಒಳಕ್ಕೆ ತಳ್ಳಲು ಯತ್ನಿಸಿದರೂ ಜನರು ಒಬ್ಬರ ಮೇಲೊಬ್ಬರು ಕುಳಿತುಕೊಳ್ಳುವಂತಿಲ್ಲ. ಅಣುವಿನಿಂದ ಬಿಡಿಸಿಕೊಂಡ ಎಲೆಕ್ಟ್ರಾನುಗಳಿಗೂ ಇಂತಹ ನಿಯಮವೊಂದುಂಟು. ಒಂದು ಸ್ಥಿತಿಯಲ್ಲಿ ಒಂದಕ್ಕೆ ಮಾತ್ರ ಎಡೆ. ತೀರ ಒತ್ತೊತ್ತಾಗಿ ತುಂಬಿದ ಎಲೆಕ್ಟ್ರಾನುಗಳು ಶಾಖವಿಲ್ಲದೆಯೂ ಒತ್ತಡವನ್ನು ಕೊಡುತ್ತವೆ. ೧೯೨೬ರಲ್ಲಿ ಆರ್. ಎಚ್. ಫೌಲರರು ಶ್ವೇತ ಕುಬ್ಜಗಳು ಈ ಒತ್ತಡದಿಂದಲೇ ನಿಂತಿವೆಯೆಂದು ತೋರಿಸಿದರು. ೧೯೩೦ರಲ್ಲಿ ಇಂಗ್ಲೆಂಡಿಗೆ ಹೊರಟ ತರುಣ ಸುಬ್ರಹ್ಮಣ್ಯನ್ ಚಂದ್ರಶೇಖರರು ಈ ಬೆಂಬಲಕ್ಕೂ ಒಂದು ಮೇರೆಯುಂಟೆಂದು ಕಂಡುಕೊಂಡರು. ಅದು ಇಂದು ಸೂರ್ಯನ ರಾಶಿಯ ಸುಮಾರು ೧.೪೪ ಪಟ್ಟು ಎಂದು ಎಲ್ಲ ಪಠ್ಯಗಳಲ್ಲಿಯೂ ಬರುತ್ತದೆ.

ಚಂದ್ರಶೇಖರರ ಮೇರೆ ಶ್ವೇತ ಕುಬ್ಜಗಳ ಮೇಲಿನ ಮೇರೆ. ಅದೇ ಭೌತಶಾಸ್ತ್ರ ನಕ್ಷತ್ರಗಳಿಗೆ ಒಂದು ಕೆಳಗಿನ ಮೇರೆಯನ್ನೂ ವಿಧಿಸುತ್ತದೆಂಬುದನ್ನು ಮೂವತ್ತು ವರ್ಷಗಳ ಅನಂತರ ಲೆಕ್ಕಹಾಕಿ ತೋರಿಸಿದವರು ಭಾರತೀಯ ಮೂಲದ ಶಿವ್ ಎಸ್. ಕುಮಾರರು. ಚಿಕ್ಕ ಮೇಘವು ಕುಗ್ಗುವಾಗ, ಜಲಜನಕ ಉರಿಯುವಷ್ಟು ನಡುಭಾಗ ಕಾಯುವುದಕ್ಕೆ ಮೊದಲೇ ಎಲೆಕ್ಟ್ರಾನುಗಳ ಒತ್ತಡ ಅಡ್ಡ ಬಂದು ಕುಸಿತ ನಿಂತುಹೋಗುತ್ತದೆ. ಮುಂದೆ ಆ ಕಾಯಕ್ಕೆ ಕಾಯುವ ಮಾರ್ಗವಿಲ್ಲ. ಇರುವ ಶಾಖವನ್ನು ಹೊರಚೆಲ್ಲಿ ಮಂಕಾಗುತ್ತ ಹೋಗುವುದೊಂದೇ ಗತಿ. ೧೯೬೨-೬೩ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಸೂರ್ಯನಂತಹ ಸಂಯೋಜನೆಯುಳ್ಳ ಕಾಯಗಳಿಗೆ ಈ ಮೇರೆ ಸೂರ್ಯರಾಶಿಯ ೦.೦೭ ಭಾಗ, ಎಂದರೆ ಗುರು ಗ್ರಹದ ರಾಶಿಯ ಎಪ್ಪತ್ತು ಚಿಲ್ಲರೆ ಪಟ್ಟು. ಆರು ದಶಕಗಳ ತಿದ್ದುಪಡಿಗಳ ಅನಂತರವೂ ಈ ಸಂಖ್ಯೆ ಬಹಳ ದೂರ ಸರಿದಿಲ್ಲ. ಅದೇ ೧೯೬೩ರಲ್ಲಿ ಜಪಾನಿನ ಹಯಾಶಿ ಮತ್ತು ನಕಾನೊ ಅವರು ಸ್ವತಂತ್ರವಾಗಿ ಇದೇ ಬಗೆಯ ನಿರ್ಣಯಕ್ಕೆ ಬಂದರು.

ಕುಮಾರರು ಈ ಕಾಯಗಳನ್ನು ಕಪ್ಪು ಕುಬ್ಜಗಳೆಂದು ಕರೆದಿದ್ದರು. ಆದರೆ ಪೂರ್ತಿ ತಣ್ಣಗಾದ ಶ್ವೇತ ಕುಬ್ಜಗಳಿಗೂ ಅದೇ ಹೆಸರು ರೂಢಿಯಲ್ಲಿದ್ದುದರಿಂದ ಗೊಂದಲ ತಪ್ಪಲಿಲ್ಲ. ೧೯೭೫ರಲ್ಲಿ ಜಿಲ್ ಟಾರ್ಟರರು ತಮ್ಮ ಪ್ರೌಢಪ್ರಬಂಧದಲ್ಲಿ ಕಂದು ಎಂಬ ವಿಶೇಷಣವನ್ನು ಬಳಸಿದರು. ಕೆಂಪಿಗೂ ಕಪ್ಪಿಗೂ ನಡುವಣ ಒಂದು ಬಣ್ಣ ಬೇಕಾಗಿತ್ತೇ ಹೊರತು ಆ ಕಾಯಗಳು ನಿಜವಾಗಿ ಕಂದಾಗಿವೆಯೆಂದು ಅರ್ಥವಲ್ಲ. ಹೆಸರು ಬದಲಾದಾಗ ಮೊದಲ ಲೆಕ್ಕ ಮಾಡಿದವರು ಮರೆಯಾಗುವುದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪವಲ್ಲ. ಆದುದರಿಂದ ನಮ್ಮ ವಿದ್ಯಾರ್ಥಿಗಳು ಕುಮಾರರ ಹೆಸರನ್ನು ಈ ಪ್ರಕರಣದಲ್ಲಿ ಜ್ಞಾಪಕದಲ್ಲಿಡುವುದು ಯುಕ್ತ.

೩. ಕಾಣದೆ ಕಳೆದ ಮೂವತ್ತು ವರ್ಷ

ಸಿದ್ಧಾಂತ ಸಿದ್ಧವಾಗಿದ್ದರೂ ಮೂವತ್ತು ವರ್ಷ ಒಂದು ಕಾಯವೂ ನಿಸ್ಸಂದೇಹವಾಗಿ ಕಾಣಲಿಲ್ಲ. ಕಾಣದಿದ್ದರೂ, ಅಥವಾ ಕಾಣದಿದ್ದುದರಿಂದಲೇ, ಅವುಗಳ ಸಂಖ್ಯೆಯನ್ನು ಕುರಿತು ಊಹೆಗಳು ಬೆಳೆದವು. ಸೂರ್ಯನ ನೆರೆಯ ನಕ್ಷತ್ರಗಳು ನಮ್ಮ ಗೆಲಕ್ಸಿಯ ತಳಪಟ್ಟಿಯಿಂದ ಮೇಲಕ್ಕೂ ಕೆಳಕ್ಕೂ ಓಲಾಡುವ ವೇಗವನ್ನು ಅಳೆದು ಅಲ್ಲಿರುವ ಒಟ್ಟು ದ್ರವ್ಯವನ್ನು ಅಂದಾಜು ಮಾಡುವ ವಿಧಾನವನ್ನು ಡಚ್ ವಿಜ್ಞಾನಿ ಊರ್ಟರು ೧೯೩೨ರಲ್ಲಿ ಬಳಸಿದ್ದರು. ೧೯೮೪ರಲ್ಲಿ ಜಾನ್ ಬಾಕಾಲರು ಈ ಲೆಕ್ಕವನ್ನು ಮತ್ತೆ ಮಾಡಿ, ಕಾಣುವ ನಕ್ಷತ್ರ ಮತ್ತು ಅನಿಲಗಳ ಜೊತೆಗೆ ಸರಿಸುಮಾರು ಅಷ್ಟೇ ಪ್ರಮಾಣದ ಕಾಣದ ದ್ರವ್ಯವಿರಬೇಕೆಂದು ತೀರ್ಮಾನಿಸಿದರು. ಅದು ನಿಜವಾದರೆ, ಅದನ್ನು ತುಂಬಲು ಕಂದು ಕುಬ್ಜಗಳಿಗಿಂತ ಸಹಜವಾದ ಅಭ್ಯರ್ಥಿ ಬೇರೆ ಇರಲಿಲ್ಲ. ಒಂದೊಂದು ಕುಬ್ಜದ ರಾಶಿ ಅಲ್ಪವಾದುದರಿಂದ, ಆ ಕೊರತೆ ತುಂಬಬೇಕಾದರೆ ಅವು ನಕ್ಷತ್ರಗಳಿಗಿಂತ ಹಲವು ಪಟ್ಟು ಹೆಚ್ಚಾಗಿರಬೇಕು. ಗೆಲಕ್ಸಿಯನ್ನು ಆವರಿಸಿರುವ ವಿಶಾಲ ಪ್ರಭಾವಳಿಯ ಕಾಣದ ದ್ರವ್ಯವೂ ಇವೇ ಆಗಿರಬಹುದೆಂದು ಹೇಳಿದವರೂ ಇದ್ದರು.

ಇಂತಹ ನಿರೀಕ್ಷೆ ಇರುವಾಗ ಅವಸರದ ಸಾಕ್ಷ್ಯಕ್ಕೂ ಬೆಲೆ ಬರುತ್ತದೆ. ೧೯೮೫ರಲ್ಲಿ ವಿಬಿ-೮ ಎಂಬ ಮಂಕು ನಕ್ಷತ್ರಕ್ಕೆ ತಣ್ಣನೆಯ ಸಂಗಾತಿಯೊಂದು ಸಿಕ್ಕಿತೆಂಬ ವರದಿ ಬಂದಿತು. ಮೊದಲ ಕಂದು ಕುಬ್ಜವೆಂದು ಅದನ್ನು ಸ್ವಾಗತಿಸಿದರು. ಕೆಲವು ಕಾಲದಲ್ಲಿಯೇ ಬೇರೆ ವೀಕ್ಷಕರು ಹುಡುಕಿದಾಗ ಅಲ್ಲಿ ಏನೂ ಕಾಣಲಿಲ್ಲ. ೧೯೮೮ರಲ್ಲಿ ಬೆಕ್ಲಿನ್ ಮತ್ತು ಜುಕರ್ಮನ್ ಅವರು ಜಿಡಿ-೧೬೫ ಎಂಬ ಶ್ವೇತ ಕುಬ್ಜದ ಪಕ್ಕದಲ್ಲಿ ತೀರ ಕೆಂಪಾದ ಸಂಗಾತಿಯನ್ನು ಕಂಡರು. ಇದು ನಿಜವಾಗಿ ಇತ್ತು. ಆದರೆ ಏನೆಂದು ಹೇಳಲು ಬರುತ್ತಿರಲಿಲ್ಲ. ಅದರ ರೋಹಿತ ಅಂದಿಗೆ ತಿಳಿದಿದ್ದ ಯಾವ ವರ್ಗಕ್ಕೂ ಹೊಂದುತ್ತಿರಲಿಲ್ಲ. ಒಂದೇ ಒಂದು ಮಾದರಿಯಿಂದ ವರ್ಗವನ್ನು ಕಟ್ಟಲು ಬರುವುದಿಲ್ಲವಾಗಿ ಅದು ಹತ್ತು ವರ್ಷ ಒಂಟಿಯಾಗಿಯೇ ಉಳಿಯಿತು.

ನಿರ್ಣಾಯಕವಾದ ಪರೀಕ್ಷೆಯನ್ನು ೧೯೯೨ರಲ್ಲಿ ಸ್ಪೇನಿನ ರೆಬೊಲೊ ಮತ್ತು ಅವರ ಸಹೋದ್ಯೋಗಿಗಳು ಸೂಚಿಸಿದರು. ಲಿಥಿಯಂ ಜಲಜನಕಕ್ಕಿಂತ ಕಡಮೆ ಶಾಖದಲ್ಲಿ ನಾಶವಾಗುತ್ತದೆ. ಚಿಕ್ಕ ನಕ್ಷತ್ರಗಳಲ್ಲಿ ಒಳಗಿನ ದ್ರವ್ಯವೂ ಹೊರಗಿನದೂ ಕುದಿಯುವ ಪಾತ್ರೆಯಂತೆ ಒಂದೇ ಸಮನೆ ಕಲಕಿಹೋಗುವುದರಿಂದ, ಸ್ವಲ್ಪ ಕಾಲದಲ್ಲಿಯೇ ಅವುಗಳ ಲಿಥಿಯಂ ಎಲ್ಲ ತೀರುತ್ತದೆ. ಗುರುವಿನ ರಾಶಿಯ ಸುಮಾರು ೬೫ ಪಟ್ಟಿಗಿಂತ ಕಡಮೆಯಾದ ಕುಬ್ಜದಲ್ಲಿ ಅದು ಹಾಗೆಯೇ ಉಳಿಯುತ್ತದೆ. ಹೀಗೆ ಕೆಂಪು ಬೆಳಕಿನ ಒಂದು ರೇಖೆಯ ಇರುವಿಕೆಯಿಂದ, ತೂಗಲಾಗದ ಕಾಯದ ತೂಕವನ್ನು ನಿರ್ಣಯಿಸುವ ದಾರಿ ತೆರೆಯಿತು.

೧೯೯೫ರಲ್ಲಿ ಎರಡು ಕಾಯಗಳು ಬಂದವು. ಕೃತ್ತಿಕಾ ಗುಂಪಿನಲ್ಲಿ ರೆಬೊಲೊ ತಂಡಕ್ಕೆ ದೊರೆತ ಟೈಡೆ-೧ ಒಂದು. ಮರುವರ್ಷ ಅದರ ರೋಹಿತದಲ್ಲಿ ಲಿಥಿಯಂ ಕಂಡುಬಂದು ಸಂಶಯ ನೀಗಿತು. ಎರಡನೆಯದು, ಹತ್ತೊಂಬತ್ತು ಜ್ಯೋತಿರ್ವರ್ಷ ದೂರದ ಗ್ಲೀಸೆ-೨೨೯ ಎಂಬ ಕೆಂಪು ಕುಬ್ಜದ ಸಂಗಾತಿ. ಪಾಲೊಮಾರ್ ಬೆಟ್ಟದ ದೊಡ್ಡ ದೂರದರ್ಶಕದಿಂದ ಪಡೆದ ಅದರ ಅವರಕ್ತ ರೋಹಿತದಲ್ಲಿ ಮೀಥೇನಿನ ಅಗಲವಾದ ಕಪ್ಪು ಪಟ್ಟೆಗಳು ಮೂಡಿದ್ದವು. ಮೀಥೇನು ಗುರು ಗ್ರಹದ ರೋಹಿತದಲ್ಲಿ ಕಾಣುವ ವಸ್ತು. ಯಾವ ನಕ್ಷತ್ರದ ಶಾಖದಲ್ಲಿಯೂ ಅದು ಬಾಳುವಂತಿಲ್ಲ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಟೈಡೆ-೧ನ್ನು ಮೊದಲು ಹಿಡಿದುದು ೮೦ ಸೆಂಟಿಮೀಟರಿನ ದೂರದರ್ಶಕ. ಗ್ಲೀಸೆಯ ಸಂಗಾತಿಯನ್ನು ಹಿಡಿದುದು ಸುಮಾರು ಒಂದೂವರೆ ಮೀಟರಿನದು. ಎರಡೂ ಹಾನ್ಲೆಯ ದೂರದರ್ಶಕಕ್ಕಿಂತ ಚಿಕ್ಕವು. ದೊಡ್ಡ ಕನ್ನಡಿಗಳು ಬೇಕಾದುದು ರೋಹಿತವನ್ನು ಓದುವುದಕ್ಕೆ.

೪. ವರ್ಣಮಾಲೆಗೆ ಸೇರಿದ ಅಕ್ಷರಗಳು

ನಕ್ಷತ್ರಗಳ ರೋಹಿತಗಳನ್ನು ಓ, ಬಿ, ಎ, ಎಫ್, ಜಿ, ಕೆ, ಎಂ ಎಂದು ವಿಂಗಡಿಸುವ ಪದ್ಧತಿ ಹಾರ್ವರ್ಡಿನಲ್ಲಿ ಬೆಳೆದು, ಆನಿ ಕ್ಯಾನನ್ ಅವರ ಶ್ರಮದಿಂದ ಜಗತ್ತಿಗೆಲ್ಲ ಮಾನ್ಯವಾಯಿತು. ಈ ಸರಣಿಯು ಮೂಲತಃ ಶಾಖದ ಇಳಿಕೆಯ ಸರಣಿಯೆಂಬುದಕ್ಕೆ ಭೌತಿಕ ಕಾರಣವನ್ನು ೧೯೨೦ರಲ್ಲಿ ಕೊಟ್ಟವರು ನಮ್ಮ ಮೇಘನಾದ ಸಹಾ. ಎಂ ವರ್ಗದ ತಣ್ಣನೆಯ ನಕ್ಷತ್ರಗಳ ಗುರುತು ಟೈಟೇನಿಯಂ ಆಕ್ಸೈಡಿನ ಪಟ್ಟೆಗಳು. ಸುಮಾರು ಎಂಬತ್ತು ವರ್ಷ ಕಾಲ ಸರಣಿ ಅಲ್ಲಿಗೇ ಮುಗಿದಿತ್ತು.

೧೯೯೭ರಿಂದ ೨೦೦೧ರ ವರೆಗೆ ಅರಿಜೋನ ಮತ್ತು ಚಿಲಿ ದೇಶದಲ್ಲಿನ ೧.೩ ಮೀಟರಿನ ಎರಡು ದೂರದರ್ಶಕಗಳು ಟೂಮಾಸ್ ಎಂಬ ಸಮೀಕ್ಷೆಯಲ್ಲಿ ಇಡೀ ಆಕಾಶವನ್ನು ಸಮೀಪ ಅವರಕ್ತದಲ್ಲಿ ಚಿತ್ರಿಸಿದವು. ಯೂರೋಪಿನವರ ಡೆನಿಸ್ ಸಮೀಕ್ಷೆ ದಕ್ಷಿಣದ ಆಕಾಶದಲ್ಲಿ ಅದೇ ಕೆಲಸ ಮಾಡುತ್ತಿತ್ತು. ಟೂಮಾಸಿನ ಪಟ್ಟಿಯಲ್ಲಿ ಸೇರಿದ ಬಿಂದುಗಳು ಸುಮಾರು ೪೭ ಕೋಟಿ. ಇಷ್ಟರಲ್ಲಿ ಕಂದು ಕುಬ್ಜಗಳು ಯಾವುವು? ಬಣ್ಣವನ್ನು ನೋಡಿ ಆರಿಸಬಹುದು. ಆದರೆ ಬಣ್ಣ ಮೋಸಮಾಡುತ್ತದೆ. ದೂರದ ಕೆಂಪು ದೈತ್ಯ ನಕ್ಷತ್ರ, ಧೂಳಿನ ಮರೆಯಲ್ಲಿರುವ ಸಾಮಾನ್ಯ ನಕ್ಷತ್ರ, ಅತಿ ದೂರದ ಗೆಲಕ್ಸಿ, ಇವೆಲ್ಲವೂ ಅದೇ ಬಣ್ಣದಲ್ಲಿ ತೋರಬಹುದು. ಆದುದರಿಂದ ಬಣ್ಣದಿಂದ ಆರಿಸಿದ ಒಂದೊಂದನ್ನೂ ದೊಡ್ಡ ದೂರದರ್ಶಕದ ರೋಹಿತಲೇಖಿಗೆ ಒಡ್ಡಿ ಓದಬೇಕು. ರೋಹಿತ ಪರಿಶೀಲನೆಯೆಂಬುದರ ಅರ್ಥ ಇದೇ: ಅಗಲವಾದ ಬಲೆಯನ್ನು ಬೀಸಿ, ಅನಂತರ ಸಿಕ್ಕಿದ್ದನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡುವುದು.

ಹೀಗೆ ನೋಡಿದಾಗ ಟೈಟೇನಿಯಂ ಆಕ್ಸೈಡಿನ ಪಟ್ಟೆಗಳು ಮಾಯವಾಗಿ, ಸೋಡಿಯಂ ಪೊಟ್ಯಾಸಿಯಂಗಳ ರೇಖೆಗಳೂ ಲೋಹಗಳ ಹೈಡ್ರೈಡುಗಳ ಪಟ್ಟೆಗಳೂ ಎದ್ದು ತೋರುವ ಕಾಯಗಳು ಗುಂಪುಗುಂಪಾಗಿ ದೊರೆತವು. ಶಾಖ ಇಳಿದಾಗ ಟೈಟೇನಿಯಂ ಮೊದಲಾದ ವಸ್ತುಗಳು ಆವಿಯಾಗಿ ಉಳಿಯದೆ ಸೂಕ್ಷ್ಮವಾದ ಧೂಳಿನ ಕಣಗಳಾಗಿ ಕೂಡಿಕೊಳ್ಳುವುದೇ ಇದಕ್ಕೆ ಕಾರಣ. ೧೯೯೯ರಲ್ಲಿ ಕರ್ಕ್‌ಪ್ಯಾಟ್ರಿಕರು ಮತ್ತು ಅವರ ಸಹೋದ್ಯೋಗಿಗಳು ಈ ವರ್ಗಕ್ಕೆ ಎಲ್ ಎಂಬ ಅಕ್ಷರವನ್ನು ಸ್ಥಿರಗೊಳಿಸಿದರು. ಒಂಟಿಯಾಗಿ ಕಾದಿದ್ದ ಜಿಡಿ-೧೬೫ರ ಸಂಗಾತಿಗೆ ಆಗ ಕುಲ ಸಿಕ್ಕಿತು. ಮೀಥೇನಿನ ಪಟ್ಟೆಗಳುಳ್ಳ, ಸುಮಾರು ೧,೩೦೦ ಕೆಲ್ವಿನ್ನಿಗಿಂತ ತಣ್ಣನೆಯ ಕಾಯಗಳು ಟಿ ವರ್ಗವಾದವು. ಅದರ ಒಳವಿಭಾಗಗಳು ೨೦೦೨ರಲ್ಲಿ ನಿಶ್ಚಿತವಾದವು. ೨೦೦೯ರ ಡಿಸೆಂಬರಿನಲ್ಲಿ ಹಾರಿದ ವೈಸ್ ಉಪಗ್ರಹವು ಕೇವಲ ೪೦ ಸೆಂಟಿಮೀಟರಿನ ಕನ್ನಡಿಯಿಂದ, ಭೂಮಿಯ ಶಾಖದ ಕಾಟವಿಲ್ಲದ ಅಂತರಿಕ್ಷದಲ್ಲಿ, ಇನ್ನೂ ತಣ್ಣನೆಯವನ್ನು ಹುಡುಕಿತು. ೨೦೧೧ರಲ್ಲಿ ವೈ ವರ್ಗವು ಹುಟ್ಟಿತು. ೨೦೧೪ರಲ್ಲಿ ಲೂಮನ್ನರು ಏಳು ಚಿಲ್ಲರೆ ಜ್ಯೋತಿರ್ವರ್ಷ ದೂರದಲ್ಲಿ ಕಂಡ ಕಾಯದ ಶಾಖವಂತೂ ನೀರು ಹೆಪ್ಪುಗಟ್ಟುವ ಮಟ್ಟದ ಆಸುಪಾಸಿನಲ್ಲಿದೆ. ಇಷ್ಟು ಸಮೀಪದ ನೆರೆಯವನನ್ನು ಅಷ್ಟು ತಡವಾಗಿ ಕಂಡದ್ದು ಎಣಿಕೆಯ ಕಷ್ಟವನ್ನು ಚೆನ್ನಾಗಿ ತಿಳಿಸುತ್ತದೆ.

ಈ ಅಕ್ಷರಗಳನ್ನು ಕುರಿತು ವಿದ್ಯಾರ್ಥಿಗಳು ಒಂದು ಎಚ್ಚರಿಕೆಯನ್ನು ಮನಸ್ಸಿನಲ್ಲಿಡಬೇಕು. ಅಕ್ಷರವು ಶಾಖವನ್ನು ಹೇಳುತ್ತದೆ, ರಾಶಿಯನ್ನು ಹೇಳುವುದಿಲ್ಲ. ಕಂದು ಕುಬ್ಜವು ತಣ್ಣಗಾಗುತ್ತ ಎಂ ವರ್ಗದಿಂದ ಎಲ್‌ಗೆ, ಎಲ್‌ನಿಂದ ಟಿಗೆ ಜಾರುತ್ತದೆ. ಆದುದರಿಂದ ಎಲ್ ವರ್ಗದ ಮೊದಲ ಭಾಗದಲ್ಲಿ ಮುದಿಯಾದ ನಿಜ ನಕ್ಷತ್ರವೂ ಎಳೆಯ ಕಂದು ಕುಬ್ಜವೂ ಒಂದೇ ವೇಷದಲ್ಲಿ ನಿಂತಿರಬಹುದು. ಜನಗಣತಿಯಲ್ಲಿ ಮನೆಯವರ ವಯಸ್ಸನ್ನು ಕೇಳದೆ ಎತ್ತರವನ್ನು ಮಾತ್ರ ಬರೆದುಕೊಂಡರೆ ಆಗುವ ತೊಡಕೇ ಇಲ್ಲಿಯೂ ಇದೆ.

೫. ಹೊಸಕೋಟೆಯ ಪಾಲು

ಇನ್ನು ನಮ್ಮ ನೆರೆಗೆ ಬರೋಣ. ಹಾನ್ಲೆಯ ದೂರದರ್ಶಕವು ೨೦೦೦ದ ಸೆಪ್ಟೆಂಬರಿನಲ್ಲಿ ಮೊದಲ ಬೆಳಕನ್ನು ಕಂಡಿತು. ೨೦೦೧ರ ಜೂನ್ ತಿಂಗಳಲ್ಲಿ ಹೊಸಕೋಟೆಯೊಡನೆ ಉಪಗ್ರಹ ಸಂಪರ್ಕ ಏರ್ಪಟ್ಟಿತು. ಅದಕ್ಕೆ ಇಟ್ಟ ಹೆಸರು ಹಿಮಾಲಯನ್ ಚಂದ್ರ ದೂರದರ್ಶಕ. ಈ ಚಂದ್ರ ಆಕಾಶದ ಚಂದ್ರನಲ್ಲ, ಮೇಲೆ ಹೇಳಿದ ಚಂದ್ರಶೇಖರರು. ಒತ್ತೊತ್ತಾದ ಎಲೆಕ್ಟ್ರಾನುಗಳ ಒತ್ತಡವನ್ನು ನಕ್ಷತ್ರಗಳಿಗೆ ಅನ್ವಯಿಸಿದವರ ಹೆಸರಿನ ಉಪಕರಣವು, ಆ ಒತ್ತಡದಿಂದಲೇ ನಿಂತ ಕಾಯಗಳನ್ನು ನೋಡಲು ಬಳಕೆಯಾದುದು ಉಚಿತವೇ ಆಗಿದೆ. ಹಾನ್ಲೆಯನ್ನು ಆರಿಸಿದ ಕಾರಣಗಳಲ್ಲಿ ಗಾಳಿಯ ಶುಷ್ಕತೆಯೂ ಒಂದು. ಅವರಕ್ತ ಕಿರಣಗಳನ್ನು ಬಹುವಾಗಿ ಹೀರುವುದು ವಾಯುಮಂಡಲದ ನೀರಾವಿ. ಆ ಎತ್ತರದಲ್ಲಿ ಅದು ಬಹಳ ಕಡಮೆ. ಕಂದು ಕುಬ್ಜಗಳು ತಮ್ಮ ಬೆಳಕಿನ ಹೆಚ್ಚಿನ ಪಾಲನ್ನು ಅವರಕ್ತದಲ್ಲಿಯೇ ಸೂಸುವುದರಿಂದ ಇದು ಅವುಗಳ ಅಭ್ಯಾಸಕ್ಕೆ ಅನುಕೂಲವಾದ ನೆಲೆ.

ಎಲ್ ವರ್ಗದಲ್ಲಿ ಧೂಳು ಕೂಡಿಕೊಳ್ಳುತ್ತದೆಂದು ಹೇಳಿದೆವಷ್ಟೆ. ಆ ಧೂಳು ಮೋಡಗಳಾಗಿ ವಾಯುಮಂಡಲದಲ್ಲಿಯೇ ತೇಲುತ್ತಿದೆಯೋ, ಇಲ್ಲವೆ ಕೆಳಕ್ಕೆ ಇಳಿದುಹೋಗಿದೆಯೋ ಎಂಬುದು ರೋಹಿತದ ಅರ್ಥಕ್ಕೆ ಮುಖ್ಯವಾದ ಪ್ರಶ್ನೆ. ೨೦೦೧ರಲ್ಲಿ ಬೆಂಗಳೂರಿನ ಇದೇ ಸಂಸ್ಥೆಯ ಸುಜನ್ ಸೇನ್‌ಗುಪ್ತ ಮತ್ತು ವಿನೋದ್ ಕೃಷನ್ ಅವರು, ಮೋಡಗಳಿದ್ದರೆ ಅವುಗಳ ಕಣಗಳಿಂದ ಚದರಿದ ಬೆಳಕು ಧ್ರುವೀಕರಣ ಹೊಂದಿರಬೇಕೆಂದು ಗಣಿತದಿಂದ ಮುನ್ಸೂಚಿಸಿದರು. ಬೇಗ ತಿರುಗುವ ಕುಬ್ಜವು ನಡುವಿನಲ್ಲಿ ಉಬ್ಬಿ, ಪೂರ್ಣ ಗೋಳವಾಗಿರುವುದಿಲ್ಲವಾದುದರಿಂದ ಒಂದು ಬದಿಯ ಧ್ರುವೀಕರಣ ಇನ್ನೊಂದನ್ನು ಅಳಿಸಿಹಾಕಲಾರದು. ಮರುವರ್ಷವೇ ಚಿಲಿಯ ದೊಡ್ಡ ದೂರದರ್ಶಕದಿಂದ ಮೆನಾರ್ ಮತ್ತು ಸಹೋದ್ಯೋಗಿಗಳು ಕೆಲವು ಎಲ್ ಕುಬ್ಜಗಳಲ್ಲಿ ಧ್ರುವೀಕರಣವನ್ನು ಕಂಡರು. ಮುಂದೆ ೨೦೦೫ರಲ್ಲಿ ಮೈತಿ, ಸೇನ್‌ಗುಪ್ತ, ಪರಿಹಾರ್, ಅನುಪಮಾ ಅವರ ತಂಡವು ಹಾನ್ಲೆಯ ದೂರದರ್ಶಕದಿಂದ ಮೂರು ಎಲ್ ಕುಬ್ಜಗಳನ್ನು ಕೆಂಪು ಬೆಳಕಿನಲ್ಲಿ ಗಮನಿಸಿ, ಎರಡರ ಕಾಂತಿಯಲ್ಲಿ ನೂರಕ್ಕೆ ಒಂದೆರಡರಷ್ಟು ಏರಿಳಿತವನ್ನು ವರದಿ ಮಾಡಿತು. ಮೋಡಗಳು ಒಂದೇ ಸಮನಾಗಿ ಹರಡಿರದೆ ತೇಪೆತೇಪೆಯಾಗಿರುವುದಾದರೆ, ಕುಬ್ಜವು ತಿರುಗಿದಂತೆ ಇಂತಹ ಏರಿಳಿತ ಬರುವುದು ಸಹಜ.

೨೦೧೩ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಸೇರಿದ ಸಮೀಪ ಅವರಕ್ತ ರೋಹಿತಲೇಖಿಯನ್ನು ಈ ದೂರದರ್ಶಕಕ್ಕೆ ಜೋಡಿಸಲಾಯಿತು. ಅದರ ಸಹಾಯದಿಂದ ಕಲ್ಕತ್ತೆಯ ಎಸ್. ಎನ್. ಬೋಸ್ ಕೇಂದ್ರದ ಸಂಶೋಧಕರು ಎಂ ವರ್ಗದ ಕುಬ್ಜಗಳ ರೋಹಿತಗಳನ್ನು ಪಡೆದು ಅವುಗಳ ಶಾಖ, ಗಾತ್ರ, ಕಾಂತಿಗಳನ್ನು ನಿರ್ಣಯಿಸಿದ ಫಲಿತಾಂಶಗಳು ೨೦೨೦ರಲ್ಲಿ ಪ್ರಕಟವಾದವು. ಇವು ಕಂದು ಕುಬ್ಜಗಳಲ್ಲ, ಅವುಗಳ ಗಡಿಯ ಮೇಲಣ ನಿವಾಸಿಗಳು. ಆದರೆ ಗಡಿಯ ಮೇಲಿನವರನ್ನು ಸರಿಯಾಗಿ ಗುರುತಿಸದೆ ಗಡಿಯ ಕೆಳಗಿನವರನ್ನು ಎಣಿಸುವಂತಿಲ್ಲ.

ಇಲ್ಲಿ ನ್ಯಾಯವಾದ ಮಾತೊಂದನ್ನು ಹೇಳಬೇಕು. ಕಂದು ಕುಬ್ಜಗಳ ಸಂಖ್ಯೆಯನ್ನು ನಿರ್ಣಯಿಸಿದ ಮಹಾ ಸಮೀಕ್ಷೆಗಳು ನಮ್ಮವಲ್ಲ. ಎರಡು ಮೀಟರಿನ ಬಹೂದ್ದೇಶ ದೂರದರ್ಶಕವು, ದೇಶದ ಹಲವು ಸಂಶೋಧಕರ ನಡುವೆ ರಾತ್ರಿಗಳನ್ನು ಹಂಚಿಕೊಡಬೇಕಾದಾಗ, ಇಡೀ ಆಕಾಶದ ಗಣತಿಗೆ ತೊಡಗಲಾರದು. ನಮ್ಮ ಪಾಲು ಎಣಿಕೆಯಲ್ಲಿ ಅಲ್ಲ, ಎಣಿಸಿದುದರ ಸ್ವರೂಪವನ್ನು ತಿಳಿಯುವುದರಲ್ಲಿದೆ. ಧೂಳಿನ ಮೋಡಗಳ ವಿಚಾರದಲ್ಲಿ ಅದು ಸಣ್ಣದೇನಲ್ಲ. ದೇಶಾಭಿಮಾನದಿಂದ ಅದನ್ನು ಉಬ್ಬಿಸುವುದೂ, ದೊಡ್ಡ ಉಪಕರಣಗಳ ಬೆರಗಿನಲ್ಲಿ ಅದನ್ನು ಮರೆಯುವುದೂ ಚರಿತ್ರೆಗೆ ಸಲ್ಲದ ಕೆಲಸ.

೬. ಎಣಿಕೆಯ ಫಲ

ರೋಹಿತದಿಂದ ಗುರುತು ಹಿಡಿದ ಮಾತ್ರಕ್ಕೆ ಬಾಹುಳ್ಯ ತಿಳಿಯುವುದಿಲ್ಲ. ಹೆಚ್ಚು ಕಾಂತಿಯುಳ್ಳ ಎಲ್ ಕುಬ್ಜವು ಬಹುದೂರದಿಂದ ಕಾಣುತ್ತದೆ. ವೈ ಕುಬ್ಜವು ಹತ್ತಿರವಿದ್ದರೆ ಮಾತ್ರ ಕಾಣುತ್ತದೆ. ಕಂಡದ್ದನ್ನೆಲ್ಲ ಕೂಡಿಸಿದರೆ ಎಲ್ ವರ್ಗವೇ ಹೆಚ್ಚೆಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಇದಕ್ಕೆ ಪರಿಹಾರ, ಸೂರ್ಯನ ಸುತ್ತ ಗೊತ್ತಾದ ದೂರದ ಒಂದು ಗೋಳವನ್ನು ಗೆರೆ ಹಾಕಿಕೊಂಡು ಅದರೊಳಗಿನವರನ್ನೆಲ್ಲ ಎಣಿಸುವುದು. ಅದಕ್ಕೆ ಪ್ರತಿಯೊಂದರ ದೂರವೂ ಬೇಕು. ಬೆಚ್ಚಗಿನ ಕುಬ್ಜಗಳಿಗೆ ೨೦೧೩ರಲ್ಲಿ ಹಾರಿದ ಗಾಯಾ ಉಪಗ್ರಹವೂ, ತಣ್ಣನೆಯವುಗಳಿಗೆ ೨೦೨೦ರ ವರೆಗೆ ಕೆಲಸ ಮಾಡಿದ ಸ್ಪಿಟ್ಜರ್ ಅಂತರಿಕ್ಷ ದೂರದರ್ಶಕವೂ ದೂರವನ್ನು ಅಳೆದುಕೊಟ್ಟವು.

೨೦೧೨ರಲ್ಲಿ ಕರ್ಕ್‌ಪ್ಯಾಟ್ರಿಕರ ತಂಡವು ೨೬ ಜ್ಯೋತಿರ್ವರ್ಷಗಳ ಗೋಳದಲ್ಲಿ ಎಣಿಸಿ, ಆರು ನಕ್ಷತ್ರಗಳಿಗೆ ಒಂದರಂತೆ ಕಂದು ಕುಬ್ಜವಿದೆಯೆಂದು ಹೇಳಿತು. ಅದೇ ತಂಡ ೨೦೨೪ರಲ್ಲಿ ಸುಮಾರು ೬೫ ಜ್ಯೋತಿರ್ವರ್ಷಗಳ ಗೋಳಕ್ಕೆ ಎಣಿಕೆಯನ್ನು ವಿಸ್ತರಿಸಿ, ನಕ್ಷತ್ರ ಮತ್ತು ಕಂದು ಕುಬ್ಜಗಳನ್ನು ಸೇರಿಸಿ ಸುಮಾರು ೩,೬೦೦ ಕಾಯಗಳ ಪಟ್ಟಿಯನ್ನು ಪ್ರಕಟಿಸಿತು. ಅದರಲ್ಲಿ ಅನುಪಾತವು ನಾಲ್ಕಕ್ಕೆ ಒಂದು. ಕಾಯವೊಂದರ ಸರಾಸರಿ ರಾಶಿ ಸೂರ್ಯನ ೦.೪೧ ಭಾಗ.

ಈ ಎರಡು ಸಂಖ್ಯೆಗಳಿಂದ ವಿದ್ಯಾರ್ಥಿಗಳು ತಾವೇ ಒಂದು ಲೆಕ್ಕವನ್ನು ಮಾಡಿ ನೋಡಬಹುದು. ನಾಲ್ಕು ನಕ್ಷತ್ರ, ಒಂದು ಕಂದು ಕುಬ್ಜ, ಒಟ್ಟು ಐದು ಕಾಯಗಳ ರಾಶಿ ಸೂರ್ಯನ ೨.೦೫ ಪಟ್ಟು. ಅದರಲ್ಲಿ ಕುಬ್ಜದ ಪಾಲು ಕುಮಾರರ ಮೇರೆಯನ್ನು ಮೀರುವಂತಿಲ್ಲವಾದುದರಿಂದ ಹೆಚ್ಚೆಂದರೆ ೦.೦೭. ಎಂದರೆ ಒಟ್ಟು ರಾಶಿಯಲ್ಲಿ ನೂರಕ್ಕೆ ಮೂರೂವರೆಗಿಂತ ಕಡಮೆ. ಕುಬ್ಜಗಳಲ್ಲಿ ಬಹುಪಾಲು ಮೇರೆಗಿಂತ ಬಹಳ ಕೆಳಗಿರುವುದರಿಂದ ನಿಜವಾದ ಪಾಲು ಇನ್ನೂ ಸಣ್ಣದು. ಎಣಿಕೆಯಲ್ಲಿ ಐದರಲ್ಲೊಂದಾದ ಕಾಯಗಳು ತೂಕದಲ್ಲಿ ಗಣನೆಗೆ ಬಾರದಷ್ಟಾದವು. ಇತ್ತ ಸೂರ್ಯನ ನೆರೆಯಲ್ಲಿ ದ್ರವ್ಯದ ಕೊರತೆಯೇ ಇಲ್ಲವೆಂದು ೧೯೮೯ರ ಅನಂತರದ ಅಳತೆಗಳು ತೋರಿಸಿದ್ದವು. ಪ್ರಭಾವಳಿಯ ಕಾಣದ ದ್ರವ್ಯವು ಇಂತಹ ಕಾಯಗಳಿಂದಾದುದಲ್ಲವೆಂದು, ಮೆಗಲನ್ ಮೇಘಗಳ ನಕ್ಷತ್ರಗಳ ಮುಂದೆ ಅವು ಹಾಯ್ದುಹೋಗುವುದನ್ನು ವರ್ಷಗಟ್ಟಲೆ ಕಾದು ನೋಡಿದ ಮಾಚೊ ಮತ್ತು ಈರೋಸ್ ಸಮೀಕ್ಷೆಗಳು ತಿಳಿಸಿದವು. ಹೀಗೆ ಹಳೆಯ ನಿರೀಕ್ಷೆ ಎಲ್ಲ ಕಡೆಗಳಿಂದಲೂ ಸಡಿಲವಾಯಿತು.

ಆದರೂ ಶ್ರಮ ವ್ಯರ್ಥವಾಗಲಿಲ್ಲ. ರಾಶಿ ಕಡಮೆಯಾದಂತೆ ಕಾಯಗಳ ಸಂಖ್ಯೆ ಹೇಗೆ ಬದಲಾಗುತ್ತದೆಂಬ ರೇಖೆಯನ್ನು ಎಳೆದಾಗ, ಅದು ಕುಮಾರರ ಮೇರೆಯಲ್ಲಿ ತುಂಡಾಗದೆ ಕೆಳಕ್ಕೆ ಮುಂದುವರಿಯುತ್ತದೆ. ಗುರುವಿನ ರಾಶಿಯ ಐದು ಪಟ್ಟಿನ ಸಮೀಪಕ್ಕೆ ಇಳಿದರೂ ಕೊನೆ ಕಂಡಿಲ್ಲ. ಎಂದರೆ ಕುಸಿಯುವ ಮೇಘಕ್ಕೆ ತಾನು ಮುಂದೆ ಜಲಜನಕವನ್ನು ಉರಿಸಬಲ್ಲೆನೋ ಇಲ್ಲವೋ ಎಂಬ ವಿಚಾರವೇ ಇಲ್ಲ. ನಕ್ಷತ್ರವೆಂಬ ಮೇರೆ ಉರಿಯುವಿಕೆಯ ಮೇರೆಯೇ ಹೊರತು ಹುಟ್ಟಿನ ಮೇರೆಯಲ್ಲ. ನಕ್ಷತ್ರಗಳ ಜನನವನ್ನು ಕುರಿತ ಯಾವ ಸಿದ್ಧಾಂತವೂ ಇನ್ನು ಮುಂದೆ ಈ ಸಂಗತಿಗೆ ಉತ್ತರ ಹೇಳಬೇಕಾಗುತ್ತದೆ.

೭. ಉಪಸಂಹಾರ

ಈ ಚರಿತ್ರೆಗೆ ಈಚೆಗೆ ಸೇರಿದ ಒಂದು ಪ್ರಸಂಗದೊಡನೆ ಲೇಖನವನ್ನು ಮುಗಿಸಬಹುದು. ೧೯೯೫ರಲ್ಲಿ ಕಂಡ ಗ್ಲೀಸೆ-೨೨೯ರ ಸಂಗಾತಿಯು ತನ್ನ ನಕ್ಷತ್ರವನ್ನು ಎಳೆಯುವ ಬಲದಿಂದ ಅದರ ರಾಶಿಯನ್ನು ಅಳೆದಾಗ, ಗುರುವಿನ ಸುಮಾರು ೭೦ ಪಟ್ಟೆಂದು ಬಂದಿತು. ಅಷ್ಟು ಭಾರದ ಕುಬ್ಜವು ಇಷ್ಟು ಮಂಕಾಗಿರಬಾರದು. ಸಿದ್ಧಾಂತವೇ ತಪ್ಪೋ ಎಂಬ ಸಂಶಯ ಕೆಲವು ವರ್ಷ ಕಾಡಿತು. ೨೦೨೪ರಲ್ಲಿ ಚಿಲಿಯ ದೂರದರ್ಶಕಗಳಿಂದ ಪಡೆದ ಸೂಕ್ಷ್ಮ ರೋಹಿತಗಳೂ ಇತರ ವೀಕ್ಷಣೆಗಳೂ ಅದನ್ನು ಬಿಡಿಸಿದವು. ಅಲ್ಲಿರುವುದು ಒಂದಲ್ಲ, ಹನ್ನೆರಡು ದಿನಗಳಿಗೊಮ್ಮೆ ಒಂದನ್ನೊಂದು ಸುತ್ತುವ ಎರಡು ಕುಬ್ಜಗಳು. ಸಿದ್ಧಾಂತ ಸರಿಯಾಗಿತ್ತು, ಎಣಿಕೆ ತಪ್ಪಾಗಿತ್ತು.

ಮೊದಲನೆಯದೆಂದು ಮೂವತ್ತು ವರ್ಷ ಪಾಠ ಹೇಳಿದ ಕಾಯವೇ ಎರಡಾಗಿ ಒಡೆದ ಮೇಲೆ, ನಾಲ್ಕಕ್ಕೆ ಒಂದೆಂಬ ಅನುಪಾತವನ್ನೂ ನಾವು ಅಂತಿಮವೆಂದು ಭಾವಿಸಬೇಕಾಗಿಲ್ಲ. ಜೋಡಿಗಳಾಗಿ ಅಡಗಿರುವವು, ಇನ್ನೂ ತಣ್ಣಗಾಗಿ ಮರೆಯಾಗಿರುವವು ಎಣಿಕೆಯನ್ನು ಮುಂದೆ ತಿದ್ದಬಹುದು. ಆ ತಿದ್ದುಪಡಿಯೂ ಹಿಂದಿನಂತೆಯೇ ಬರುವ ಸಂಭವ ಹೆಚ್ಚು: ಈಗಾಗಲೇ ಪಟ್ಟಿಯಲ್ಲಿರುವ ಬಿಂದುವೊಂದರ ರೋಹಿತವನ್ನು ಯಾರೋ ಮತ್ತೊಮ್ಮೆ, ಹೆಚ್ಚು ಸಾವಧಾನದಿಂದ ಓದಿದಾಗ. ಅಂತಹ ಓದಿಗೆ ಎಡೆ ಹೊಸಕೋಟೆಯ ಕೊಠಡಿಯಲ್ಲಿಯೂ ಉಂಟು. ಅಲ್ಲಿಗೆ ಕಾಡುಗೋಡಿಯಿಂದ ಬಹಳ ದೂರವೂ ಇಲ್ಲ.